ಸಕ್ಕರೆ ಆನೆಯ ಬಲಭಾಗ

ಚಾಲೂ ಇದ್ದದ್ದಕ್ಕೆ ಕೈ ಹಚ್ಚಬಾರದು ಎಂಬುದು ಬಾಳಣ್ಣ ಮುನವಳ್ಳಿಯ ಧರ್ಮ. ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೆಂಟೆನನ್ಸ್ ಫೋರಮನ್ ಆಗಿ ದುಡಿದು ಅವನು ಗಳಿಸಿದ್ದು ಇದೊಂದೇ ಧರ್ಮ ಎಂದು ಹೆಂಡತಿ ಭಾಮಾ ಹೇಳುತ್ತಾಳೆ. ಪಂಪು ಕುಯ್ಯೋ ಮರ್ರೋ ಎನ್ನುತ್ತಿದ್ದರೂ ತಿರುಗುತ್ತಿದ್ದರೆ ತಿರುಗಲಿ. ಬಾಗಿಲಿನ ಚಿಲಕ ಎತ್ತಿ ಎಳೆದರೆ ಬೀಳುತ್ತದಲ್ಲ, ಎತ್ತಿ ಎಳೆಯಿರಿ. ಪುಣೆಯ ಕೊಂಢವಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಎತ್ತಿ ಎಳೆಯುವ ಚಿಲಕಗಳು ನಾಲ್ಕಿದ್ದವು, ಒದ್ದರೆ ಮಾತ್ರ ಶುರುವಾಗುವ ವಾಷಿಂಗ್ ಮಶೀನು ಒಂದಿತ್ತು.

ಇವೆಲ್ಲವನ್ನೂ ಭಾಮಾ ಹೇಗೋ ಸಹಿಸಿಕೊಂಡಿದ್ದಳು. ಅವಳಿಗೆ ಸಹಿಸಲಾಗದೆ ಉಳಿದದ್ದು ಎರಡನೇ ಬೆಡ್‌ರೂಮಿನಲ್ಲಿದ್ದ ಸಿಎನ್‌ಸಿ ಯಂತ್ರ. ಹೆಸರು ಕೇಳಿ ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಆ ಚಿತ್ರವನ್ನು ಕಟ್ಟಿಗೆಯ ಮೇಲೆ ತಾನೇ ಕೆತ್ತುವ ಯಂತ್ರ, ಅಷ್ಟೇ. ಊಟದ ಮೇಜಿನಷ್ಟು ಅಗಲದ ಚೌಕಟ್ಟು, ಮೇಲೆ ಗಿರ್ರನೆ ತಿರುಗುವ ಒಂದು ಉಳಿ, ಅದನ್ನು ಅತ್ತಿತ್ತ ಒಯ್ಯಲು ಮೂರು ಮೋಟರು. ನಿವೃತ್ತಿಗೆ ನಾಲ್ಕು ವರ್ಷ ಮೊದಲೇ, ಮುಂದೆ ಟೈಮ್‌ಪಾಸ್ ಆಗಬೇಕಲ್ಲ ಎಂದು, ಬಾಳಣ್ಣ ಬಿಡಿಭಾಗ ತಂದು ತಾನೇ ಜೋಡಿಸಿದ್ದ. ಒಂಬತ್ತು ವರ್ಷದಲ್ಲಿ ಅದರಿಂದ ಹೊರಬಂದದ್ದು ಒಂದು ಕೀಲಿಕೈ ಸ್ಟ್ಯಾಂಡು, ಅಲುಗಾಡುವ ಒಂದು ಮಣೆ, ಸೊಸೈಟಿಯ ಸೆಕ್ರೆಟರಿ ತೆಗೆದುಕೊಂಡು ಹೋಗಿ ಮತ್ತೆಂದೂ ಬಾಗಿಲಿಗೆ ಹಚ್ಚದ ಒಂದು ನಾಮಫಲಕ. ಉಳಿದದ್ದೆಲ್ಲ ಪುಡಿ. ಆ ಪುಡಿ ಒಣಹಾಕಿದ ಸಂಡಿಗೆಯ ಮೇಲೆ, ಇಸ್ತ್ರಿ ಮಾಡಿದ ಸೀರೆಯ ಮೇಲೆ, ದೇವರ ಮನೆಯ ಕೃಷ್ಣನ ಕೊಳಲಿನ ಮೇಲೆ ಕೂಡುತ್ತಿತ್ತು.

ಆದರೆ ಬಾಳಣ್ಣನಿಗೆ ಅದು ಜೀವ. ಮೂವತ್ತೊಂದು ವರ್ಷ ಇನ್ನೊಬ್ಬರ ಪಂಪು ರಿಪೇರಿ ಮಾಡಿದವನಿಗೆ ತನ್ನದು ಅಂತ ಇದ್ದದ್ದು ಇದೊಂದೇ ಮಶೀನು.

ಆ ಮಶೀನಿಗೊಂದು ಗುಟ್ಟಿತ್ತು. ಜೋಡಿಸುವಾಗ ಬಾಳಣ್ಣ ಒಂದು ಮೋಟರಿನ ವೈರು ಅದಲುಬದಲು ಮಾಡಿದ್ದ. ಬಲಕ್ಕೆ ಹೋಗು ಎಂದರೆ ಎಡಕ್ಕೆ ಹೋಗುತ್ತಿತ್ತು. ಎರಡು ವೈರು ಬಿಚ್ಚಿ ಹಾಕಿದ್ದರೆ ಐದು ನಿಮಿಷದ ಕೆಲಸ. ಆದರೆ ಚಾಲೂ ಇದ್ದದ್ದಕ್ಕೆ ಕೈ ಹಚ್ಚುವುದುಂಟೆ? ಅವನು ಬೇರೆ ದಾರಿ ಹಿಡಿದ. ಪ್ರತಿ ಸಲ ಕೆತ್ತುವ ಮೊದಲು ಕಂಪ್ಯೂಟರಿನಲ್ಲಿ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡುತ್ತಿದ್ದ. ಚಿತ್ರ ಉಲ್ಟಾ, ಮಶೀನೂ ಉಲ್ಟಾ, ಎರಡು ಉಲ್ಟಾ ಕೂಡಿ ಒಂದು ಸುಲ್ಟಾ. ಒಂಬತ್ತು ವರ್ಷದಲ್ಲಿ ಇದು ಎಷ್ಟು ರೂಢಿಯಾಗಿತ್ತೆಂದರೆ, ಊಟಕ್ಕೆ ಕೂತಾಗ ಚಿತ್ರಾಹುತಿ ಇಡುವ ಹಾಗೆ ಬೆರಳು ತಾನಾಗಿ ಹೋಗಿ ಆ ಬಟನ್ ಒತ್ತಿ ಬರುತ್ತಿತ್ತು. ಈ ಗುಟ್ಟನ್ನು ಅವನು ಹೆಂಡತಿಗಾಗಲಿ ಮಗನಿಗಾಗಲಿ ಹೇಳಿರಲಿಲ್ಲ. ಫೋರಮನ್ ಆದವನು ವೈರು ಉಲ್ಟಾ ಹಚ್ಚಿದ್ದನ್ನು ಮನೆಮಂದಿಗೆ ಸಾರಿಕೊಂಡು ತಿರುಗುತ್ತಾನೆಯೇ?

ಹೀಗಿರುವಾಗ ಮಗ ಪ್ರಣವನಿಗೆ ಮದುವೆ ನಿಶ್ಚಯವಾಯಿತು. ಹುಡುಗಿ ಇಂಪನಾ, ವಿಮಾನ ನಗರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರು, ಅಂದರೆ ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ತಂದೆತಾಯಿ ಮೈಸೂರಿನ ಕಡೆಯವರು, ಅವರ ಮನೆಯೂ ವಿಮಾನ ನಗರದಲ್ಲೇ. ಮಾಘದಲ್ಲಿ ಮುಹೂರ್ತ.

ದೀಪಾವಳಿ ಪಾಡ್ಯದ ದಿನ ಊಟಕ್ಕೆ ಬಡಿಸುತ್ತ ಭಾಮಾ ಮಾತು ತೆಗೆದಳು.

“ರೀ, ಮಾಘದಾಗ ಸೊಸಿ ಬರ್ತಾಳ. ಆ ಖೋಲಿ ಖಾಲಿ ಆಗಬೇಕು. ಭಂಗಾರದವಗ ಹೇಳೀನಿ.”

ಭಂಗಾರದವನೆಂದರೆ ಹಳೇ ಕಬ್ಬಿಣ ಕೊಳ್ಳುವವನು. ಬಾಳಣ್ಣನ ಕೈಯಲ್ಲಿದ್ದ ಹೋಳಿಗೆ ತುಂಡು ತುಪ್ಪದಲ್ಲಿ ಮುಳುಗಿತು.

“ಬಾಲ್ಕನಿಯೊಳಗ ಇಟಗೋತೇನಿ.”

“ಯಾಕ ಇಟಗೋಬೇಕು? ಒಂಬತ್ತು ವರ್ಷದಾಗ ಮನಿಗೆ ಒಂದು ಉಪಯೋಗಕ್ಕ ಬಂದದ್ದು ತೋರಸ್ರಿ ನೋಡೋಣ.”

ಬಾಳಣ್ಣ ಕೀಲಿಕೈ ಸ್ಟ್ಯಾಂಡಿನ ಕಡೆ ನೋಡಿದ. ಅದರ ಕೊಕ್ಕೆ ಉಚ್ಚಿ ಕೀಲಿಕೈಗಳೆಲ್ಲ ಈಗ ಫ್ರಿಜ್ಜಿನ ಮೇಲೆ ಇರುತ್ತಿದ್ದವು.

ಅದೇ ಹೊತ್ತಿಗೆ ಧಾರವಾಡದಿಂದ ಫೋನು ಬಂತು. ಅದನ್ನು ಗೌರಿದೇವಿಯೇ ಮಾಡಿಸಿದಳೆಂದು ಬಾಳಣ್ಣ ಇಂದಿಗೂ ನಂಬಿದ್ದಾನೆ.

ದೀಪಾವಳಿಯಾದ ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ನಿಶ್ಚಯವಾದ ಹುಡುಗಿಗೆ ಆ ದಿನ ಗಂಡಿನ ಮನೆಯವರು ಸಕ್ಕರೆ ಆರತಿ ಒಯ್ದು ಕೊಡುವುದು ನಮ್ಮ ಕಡೆಯ ಪದ್ಧತಿ. ಸಾಗವಾನಿ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಗೋಪುರ, ತುಳಸಿ ವೃಂದಾವನ, ಕಳಸ, ಆನೆ ಎಲ್ಲ ಮಾಡಿ, ಹರಿವಾಣದಲ್ಲಿ ಜೋಡಿಸಿ, ಮೇಲೆ ಖಣದ ಬಟ್ಟೆ ಮುಚ್ಚಿ ಒಯ್ಯುತ್ತಾರೆ. ಪುಣೆಯಲ್ಲಿ ಯುಗಾದಿಗೆ, ಅಂದರೆ ಅಲ್ಲಿಯವರ ಗುಡಿ ಪಾಡವಾಕ್ಕೆ, ಸಕ್ಕರೆಯ ಗಾಠಿ ಹಾರ ಬೇಕಾದಷ್ಟು ಸಿಗುತ್ತದೆ, ಸಕ್ಕರೆ ಆರತಿ ಸಿಗುವುದಿಲ್ಲ. ಮನೆತನದ ಅಚ್ಚುಗಳಿದ್ದದ್ದು ಧಾರವಾಡದಲ್ಲಿ, ಭಾಮಾಳ ನೆಗೆಣ್ಣಿಯ ಹತ್ತಿರ. ಒಂದು ವಾರಕ್ಕೆ ಕಳಿಸಿ ಎಂದು ಕೇಳಿದ್ದಕ್ಕೆ ಆಕೆ ಈಗ ಉತ್ತರ ಕೊಟ್ಟಿದ್ದಳು: “ಅವೇನು ಬಾಡಿಗಿ ಭಾಂಡಿ ಅಲ್ಲವ್ವಾ, ಊರೂರು ಕಳಸ್ಲಿಕ್ಕೆ.”

ಭಾಮಾ ಫೋನು ಕೆಳಗಿಟ್ಟಾಗ ಮುಖ ಕೆಂಪಗಾಗಿತ್ತು. ಬೀಗಿತಿ ಪಂಕಜಾಕ್ಷಿಯ ಮುಂದೆ ಅವಳು ಆಗಲೇ, “ನಮ್ಮ ಆರತಿಯೊಳಗ ಆನಿ ಇರ್ತಾವ, ನೋಡೀರಂತ” ಎಂದು ಹೇಳಿ ಕೂತಿದ್ದಳು. ಗಂಡನ ಕಡೆ ತಿರುಗಿದಳು.

“ನಿಮ್ಮ ಮಶೀನು ಅಚ್ಚು ಮಾಡ್ತದೇನು?”

“ಅಚ್ಚು? ಕಣ್ಣು ಮುಚ್ಚಿ ಮಾಡ್ತದ!”

“ಕಣ್ಣು ತಕ್ಕೊಂಡೇ ಮಾಡ್ರಿ. ಹುಣ್ಣಿವಿಗೆ ಅಚ್ಚು ಛಂದ ಬಂದ್ವು ಅಂದ್ರ ಬಾಲ್ಕನಿ ನಿಮ್ಮದು. ಇಲ್ಲಾಂದ್ರ ಹುಣ್ಣಿವಿ ಮರುದಿನ ಹತ್ತಕ್ಕ ಭಂಗಾರದವ ಬರ್ತಾನ. ಆಮ್ಯಾಲೆ ರಗಳಿ ಬ್ಯಾಡ.”

ಬಾಳಣ್ಣ ಮರುದಿನವೇ ಟಿಂಬರ್ ಮಾರ್ಕೆಟ್ಟಿನಿಂದ ಸಾಗವಾನಿ ತುಂಡು ತಂದ. ನಾಲ್ಕು ಅಚ್ಚು, ಪ್ರತಿ ಅಚ್ಚಿಗೆ ಎಡಭಾಗ ಬಲಭಾಗ ಅಂತ ಎರಡು ಹೋಳು. ಎರಡನ್ನೂ ಮುಖಕ್ಕೆ ಮುಖ ಕೂಡಿಸಿ ದಾರ ಬಿಗಿದು, ನಡುವಿನ ಪೊಳ್ಳಿಗೆ ಪಾಕ ಹೊಯ್ಯಬೇಕು. ಕಾರ್ಖಾನೆಯ ಶಿಸ್ತಿನ ಪ್ರಕಾರ ಒಂದೇ ತರಹದ ಕೆಲಸ ಒಟ್ಟಿಗೆ ಮುಗಿಯಬೇಕು. ಹಾಗಾಗಿ ಮೊದಲು ನಾಲ್ಕೂ ಎಡಭಾಗ ಕೆತ್ತಿದ. ಬೆರಳು ತನ್ನ ಶಾಸ್ತ್ರ ತಾನು ಮಾಡಿತು, ಮಶೀನು ತನ್ನ ಉಲ್ಟಾ ತಾನು ನಡೆಯಿತು, ನಾಲ್ಕೂ ಲಕ್ಷಣವಾಗಿ ಬಂದವು. ಕೊನೆಯದು ಆನೆ. ಆನೆಯ ಕಣ್ಣು ಮುಗಿದು ಉಳಿ ಮೇಲೆದ್ದಿತು ಅಷ್ಟೇ, ಹಳೇ ಕಂಪ್ಯೂಟರಿನ ಬೆನ್ನಿನಿಂದ ಬುಸ್ಸೆಂದು ಹೊಗೆ ಬಂತು.

“ರೀ, ಏನೋ ಕರಕ್ ಆಗೇದ!” ಅಡುಗೆಮನೆಯಿಂದ ಭಾಮಾ ಕೂಗಿದಳು.

“ನಿಂದೇ ಇರಬೇಕು ನೋಡ!” ಎಂದು ಬಾಳಣ್ಣ ಕೂಗಿ, ಟವೆಲ್ಲಿನಿಂದ ಹೊಗೆಯನ್ನು ಕಿಟಕಿಯ ಕಡೆ ಬೀಸಿದ.

ಕಂಪ್ಯೂಟರಿನ ಜೊತೆ ಮಶೀನಿನ ಕಂಟ್ರೋಲ್ ಡಬ್ಬಿಯೂ ಸತಿ ಹೋಗಿತ್ತು. ಅಂಗೈ ಅಗಲದ ಪ್ಲಗ್ಗಿನ ಆ ಕಾಲದ ಕೇಬಲ್ಲು, ಆ ಕಾಲದ ಕಾರ್ಡು. ಅವನ್ನು ಚೀಲದಲ್ಲಿ ಹಾಕಿಕೊಂಡು ಎಲೆಕ್ಟ್ರಾನಿಕ್ ಸಾಮಾನು ಮಾರುವ ಬುಧವಾರ ಪೇಠೆಯ ಅಂಗಡಿ ಅಂಗಡಿ ಸುತ್ತಿದ. ಒಬ್ಬ ಅಂಗಡಿಯವನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಎರಡೂ ಕೈಯಿಂದ ವಾಪಸು ಕೊಟ್ಟ. “ಕಾಕಾ, ಹೇ ಮ್ಯೂಝಿಯಮಲಾ ದ್ಯಾ,” ಅಂದ. ಇದನ್ನು ಮ್ಯೂಝಿಯಮ್ಮಿಗೆ ಕೊಟ್ಟುಬಿಡಿ.

ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು. ಅಡುಗೆಮನೆಗೆ ಕೇಳಿಸದ ಹಾಗೆ ಮಗನನ್ನು ಬಾಲ್ಕನಿಗೆ ಕರೆದ.

“ಅಪ್ಪಾ, ಸತ್ತದ್ದಕ್ಕ ಪ್ರಾಣ ತುಂಬಬ್ಯಾಡ್ರಿ,” ಎಂದ ಪ್ರಣವ. “ಹೊಸಾ ಕಂಟ್ರೋಲ್ ಬೋರ್ಡು, ಹೊಸಾ ಸಾಫ್ಟ್‌ವೇರು ಹಾಕೋಣ. ನನ್ನ ಹಳೇ ಲ್ಯಾಪ್‌ಟಾಪ್ ಅದ. ರವಿವಾರ ಕೂತು ಮುಗಸ್ತೇನಿ.”

“ಹಳೇ ಮಶೀನಿಗೆ ಹೊಸಾ ತಲಿ ಕೂಡ್ತದೇನೋ?”

“ಗಣಪತಿಗೆ ಕೂಡ್ಲಿಲ್ಲೇನು?”

ಬೋರ್ಡು ಎರಡು ದಿನದಲ್ಲಿ ಮನೆಗೇ ಬಂತು. ಬಿಸ್ಕೀಟಿನ ಪುಡಿಕೆಯಷ್ಟು ದೊಡ್ಡ ಡಬ್ಬಿ, ಅದರೊಳಗೆ ಎರಡು ಬಿಸ್ಕೀಟಿನಷ್ಟು ಬೋರ್ಡು. ಬಾಳಣ್ಣನಿಗೆ ಅವಮಾನವೇ ಆಯಿತು. “ಇದು ನನ್ನ ಮಶೀನ್ ನಡಸ್ತದ? ಇದಕ್ಕಿಂತ ನಮ್ಮ ಡೋರ್‌ಬೆಲ್ ದೊಡ್ಡದದಲ್ಲೋ!”

ರವಿವಾರ ಹಳೇ ಡಬ್ಬಿ ಬಿಚ್ಚಿದಾಗ ಪ್ರಣವ ತಲೆಗೆ ಕೈ ಹಚ್ಚಿ ಕೂತ. ಒಳಗಿದ್ದ ನಲವತ್ತು ವೈರೂ ಕೆಂಪು. ಆ ವರ್ಷ ಬಾಳಣ್ಣನಿಗೆ ಕೆಂಪು ವೈರಿನ ಒಂದು ದೊಡ್ಡ ಸುರುಳಿ ಅಗ್ಗಕ್ಕೆ ಸಿಕ್ಕಿತ್ತು.

“ಇದರಾಗ ಯಾವುದು ಯಾವುದು ಅಂತ ಹ್ಯಾಂಗ ಗೊತ್ತಾಗಬೇಕ್ರಿ ಅಪ್ಪಾ?”

“ನನಗ ಗೊತ್ತದ.”

“ಹಂಗಾರ ಹೇಳ್ರಿ.”

“ಹಚ್ಚಿ ನೋಡಬೇಕು.”

ಹಚ್ಚಿ ನೋಡಿದರು. ಮೊದಲು ಉಳಿ ಕೆಳಗಿಳಿಯುವ ಬದಲು ಮೇಲೆ ಹೋಗಿ ಚೌಕಟ್ಟಿಗೆ ಗುದ್ದಿತು. ಆಮೇಲೆ ನೂರು ಮಿಲಿಮೀಟರ್ ಹೋಗು ಎಂದರೆ ಐವತ್ತು ಹೋಗಿ ನಿಂತಿತು. “ಹೊಸಾದು ಬಂದ ಕೂಡ್ಲೇ ಅರ್ಧ ದಿನ ರಜಾ ಹಾಕೇದ ನೋಡ,” ಎಂದು ಬಾಳಣ್ಣ ಹಲ್ಲು ಕಡಿದ. ಪ್ರಣವ ಲ್ಯಾಪ್‌ಟಾಪಿನಲ್ಲಿ ಯಾವುದೋ ಒಂದು ಅಂಕಿ ಇಮ್ಮಡಿ ಮಾಡಿದ, ನೂರಕ್ಕೆ ನೂರು ಹೋಯಿತು. ಸ್ಕ್ರೂಡ್ರೈವರ್ ಮುಟ್ಟದೆ ಮಶೀನು ರಿಪೇರಿಯಾದದ್ದನ್ನು ಬಾಳಣ್ಣ ಜನ್ಮದಲ್ಲಿ ಮೊದಲ ಸಲ ನೋಡಿದ. ಅವನಿಗೆ ಒಂಥರಾ ಹೆದರಿಕೆಯಾಗಿ, ಚಹಾ ತರುತ್ತೇನೆ ಎಂದು ಒಳಗೆ ಹೋದ.

ಈ ಕಥೆಯ ಎಲ್ಲ ಅನಾಹುತ ಆ ಚಹಾ ಕುದಿಯುವಷ್ಟು ಹೊತ್ತಿನಲ್ಲಿ ನಡೆಯಿತು. ಪ್ರಣವ ಬಲಕ್ಕೆ ಹೋಗುವ ಬಟನ್ ಒತ್ತಿದ. ಮಶೀನು ಎಡಕ್ಕೆ ಹೋಯಿತು. ಓಹೋ, ಈ ಮೋಟರು ಉಲ್ಟಾ ಇದೆ ಎಂದುಕೊಂಡು ಸಾಫ್ಟ್‌ವೇರಿನಲ್ಲಿ ಒಂದು ಚೌಕದೊಳಗೆ ಟಿಕ್ ಹಾಕಿದ. ಮತ್ತೆ ಒತ್ತಿದ. ಬಲಕ್ಕೆ ಹೋಯಿತು. ಎರಡು ಸೆಕೆಂಡಿನ ಕೆಲಸ, ಅದರಲ್ಲಿ ಹೇಳುವಂಥದ್ದೇನಿದೆ? ಅಪ್ಪ ಕಪ್ಪು ಹಿಡಿದು ಬಂದಾಗ ಅವನು ಮುಂದಿನ ಪುಟಕ್ಕೆ ಹೋಗಿದ್ದ. ಅಪ್ಪನ ಗುಟ್ಟು ಮಗನಿಗೆ ಗೊತ್ತಿಲ್ಲ, ಮಗನ ರಿಪೇರಿ ಅಪ್ಪನಿಗೆ ಗೊತ್ತಿಲ್ಲ. ಇಬ್ಬರೂ ಬಾಯಿಬಿಟ್ಟು ಒಂದು ಮಾತಾಡಿದ್ದರೆ ನಾನಿಷ್ಟು ಉದ್ದ ಹೇಳಬೇಕಾಗಿರಲಿಲ್ಲ. ಪರೀಕ್ಷೆಗೆಂದು ಬಾಳಣ್ಣ ಒಂದು ಚೌಕ, ಒಂದು ವರ್ತುಲ ಕೆತ್ತಿ ನೋಡಿದ. ಎಷ್ಟು ತಿರುಗಿಸಿದರೂ ಚೌಕ ಚೌಕವೇ, ವರ್ತುಲ ವರ್ತುಲವೇ. “ಒಂದ ನಂಬರ್!” ಎಂದು ಮಗನ ಬೆನ್ನು ಚಪ್ಪರಿಸಿದ.

ಸೋಮವಾರ ಗೋಪುರದ ಬಲಭಾಗ ಶುರುವಾಯಿತು. ಮೊದಲು ಓಣಿ ಎಲ್ಲ ಕೇಳುವಂತೆ ಒದರುತ್ತಿದ್ದ ಮೋಟರುಗಳು ಈಗ ಗುಂಯ್ ಗುಂಯ್ ಎಂದು ಸಣ್ಣ ದನಿಯಲ್ಲಿ ಹಾಡಿಕೊಂಡು ನಡೆಯುವುದನ್ನು ಬಾಳಣ್ಣ ಕುರ್ಚಿ ಹಾಕಿಕೊಂಡು ನೋಡುತ್ತ ಕೂತ. ಅರ್ಧ ಗೋಪುರವಾಗಿರಬೇಕು, ಅಡುಗೆಮನೆಯಲ್ಲಿ ಭಾಮಾ ಚಟ್ನಿಗೆ ಮಿಕ್ಸರ್ ಹಾಕಿದಳು. ಮಶೀನು ಗಪ್ಪನೆ ನಿಂತಿತು. ಲ್ಯಾಪ್‌ಟಾಪಿನ ಮೇಲೆ ಕೆಂಪಕ್ಷರದಲ್ಲಿ ಅಲಾರ್ಮ್. ಮತ್ತೆ ಶುರು ಮಾಡಿದ. ಮತ್ತೆ ಮಿಕ್ಸರ್, ಮತ್ತೆ ಅಲಾರ್ಮ್.

ಸಂಜೆ ಪ್ರಣವ ಬಂದು ಕಾರಣ ಹುಡುಕಿದ. ಮಶೀನು ತುದಿ ಮುಟ್ಟಿದರೆ ತಿಳಿಯಲೆಂದು ಎರಡೂ ಕೊನೆಗೆ ಒಂದೊಂದು ಸ್ವಿಚ್ಚು ಇತ್ತು. ಅದರ ಬೋಳು ವೈರು ಮಿಕ್ಸರಿನ ಕರೆಂಟಿನ ಗದ್ದಲವನ್ನು ಹಿಡಿದು, ತುದಿ ಬಂತು ತುದಿ ಬಂತು ಎಂದು ಬೋರ್ಡಿಗೆ ಚಾಡಿ ಹೇಳುತ್ತಿತ್ತು. ಕವಚವಿರುವ ಕೇಬಲ್ಲು ತರಿಸಬೇಕು, ಬರಲು ಎರಡು ದಿನ.

“ಭಾಮಾ, ಎರಡು ದಿನ ಮಿಕ್ಸರ್ ಹಚ್ಚಬ್ಯಾಡ.”

“ಹಾಂ? ಕಟ್ಟಿಗಿ ಆನಿ ಸಲುವಾಗಿ ಚಟ್ನಿ ಬಿಡಬೇಕ?”

“ಆನಿ ನಿನಗೇ ಬೇಕಲ್ಲ?”

ಭಾಮಾ ಹುಬ್ಬು ಗಂಟಿಕ್ಕಿ ಒಳಗೆ ಹೋದಳು. ಎರಡು ದಿನ ಆ ಮನೆಯಲ್ಲಿ ಶೇಂಗಾ ಚಟ್ನಿ ಪುಡಿ ಮತ್ತು ಮೌನ ಬಡಿಸಲಾಯಿತು.

ಕೇಬಲ್ಲು ಬಂದ ಮೇಲೆ ಎಲ್ಲವೂ ಸಾಂಗವಾಯಿತು. ಗೋಪುರ, ವೃಂದಾವನ, ಕಳಸ ಒಂದೊಂದೇ ಬಲಭಾಗ ಹೊರಬಂದವು. ಹುಣ್ಣಿಮೆಯ ಹಿಂದಿನ ದಿನ ಆನೆ. ಕೆತ್ತುವ ಮೊದಲು ಪ್ರತಿ ಸಲ ಬೆರಳು ಹೋಗಿ ಚಿತ್ರವನ್ನು ತಿರುಗಿಸಿ ಬಂತು. ಉಲ್ಟಾ ನಡೆಯುವ ಮಶೀನಿಗಾಗಿ ಕಲಿತ ಪಾಠವನ್ನು ಅದು ಸುಲ್ಟಾ ನಡೆಯುವ ಮಶೀನಿಗೂ ಒಪ್ಪಿಸಿತು.

ಆರು ತಾಸಿನ ನಂತರ ಬಾಳಣ್ಣ ಆನೆಯ ಬಲಭಾಗವನ್ನು ಎಡಭಾಗದ ಮಗ್ಗುಲಿಗೆ ಮೇಜಿನ ಮೇಲಿಟ್ಟು, ವರ್ನಿಯರ್ ಕ್ಯಾಲಿಪರ್ ತೆಗೆದು ಅಳೆದ. ಸೊಂಡಿಲಿಗೆ ಸೊಂಡಿಲು ಸರಿ. ಕಣ್ಣಿಗೆ ಕಣ್ಣು ಸರಿ. ಹಳೇ ತಲೆ ಕೆತ್ತಿದ್ದಕ್ಕೂ ಹೊಸ ತಲೆ ಕೆತ್ತಿದ್ದಕ್ಕೂ ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಎರಡು ಆನೆಯೂ ಮೇಜಿನ ಮೇಲೆ ಮಲಗಿಕೊಂಡು ಕಿಟಕಿಯ ಕಡೆಗೇ ನೋಡುತ್ತಿದ್ದವು. “ಅವಳಿಜವಳಿ!” ಎಂದು ಬಾಳಣ್ಣ ಹಿಗ್ಗಿ ಹೀರೇಕಾಯಿಯಾದ. ಅಲ್ಲೇ ಒಂದು ಗಳಿಗೆ ನಿಂತು ಯೋಚಿಸಬಾರದಿತ್ತೆ ಪುಣ್ಯಾತ್ಮ! ಮುಖಕ್ಕೆ ಮುಖ ಕೂಡಬೇಕಾದ ಎರಡು ಹೋಳು ಒಂದಕ್ಕೊಂದು ಎದುರುಬದುರು ನೋಡಬೇಕು, ಒಂದೇ ಕಡೆ ಅಲ್ಲ. ಎರಡೂ ಎಡಗಾಲಿನ ಚಪ್ಪಲಿ ಹೊಲಿದು, ಎಷ್ಟು ತದ್ರೂಪು ಎಂದು ಸಂತೋಷಪಟ್ಟ ಹಾಗಾಯಿತು ಇವನದು.

ಹುಣ್ಣಿಮೆಯ ಬೆಳಿಗ್ಗೆ ಭಾಮಾ ಮಡಿಯುಟ್ಟು ಪಾಕಕ್ಕಿಟ್ಟಳು. ಅಚ್ಚುಗಳನ್ನು ಬಾಳಣ್ಣ ತಾನೇ ನೀರಿನಲ್ಲಿ ನೆನೆಸಿ, ತಾನೇ ಜೋಡಿಸಿ, ದಾರ ಬಿಗಿದು ತಂದ. “ನೀ ಪಾಕ ಹೊಯ್ಯೂದಷ್ಟ. ಅಚ್ಚಿಗೆ ಕೈ ಹಚ್ಚಬ್ಯಾಡ,” ಎಂದ. ಅಚ್ಚು ನೋಡಿದ್ದರೆ ಅವಳು ಹತ್ತು ಮಾರು ದೂರದಿಂದಲೇ ತಪ್ಪು ಹಿಡಿಯುತ್ತಿದ್ದಳು. ಅವನು ನೋಡಗೊಡಲಿಲ್ಲ.

ಹಾಲು ಹಾಕಿ ಕಸ ತೆಗೆದ ಪಾಕ ಬೆಳ್ಳಗೆ ತಿರುಗಿದ ಕೂಡಲೇ ಹೊಯ್ದಳು. ಗೋಪುರದ ದಾರ ಬಿಚ್ಚಿದರೆ, ಮೆಟ್ಟಿಲು ಮೆಟ್ಟಿಲಾಗಿ ಬೆಳ್ಳನೆಯ ಗೋಪುರ ಎದ್ದು ಕೂತಿತು. ವೃಂದಾವನದಲ್ಲಿ ತುಳಸಿಯ ಎಲೆ ಎಣಿಸಬಹುದಿತ್ತು. ಕಳಸವೂ ಹಾಗೆಯೇ. ಇವು ಮೂರೂ ಎಡಕ್ಕೂ ಬಲಕ್ಕೂ ಒಂದೇ ಸಮ ಇರುವಂಥವು, ಉಲ್ಟಾ ಸುಲ್ಟಾ ಏನಾದರೂ ಅವಕ್ಕೆ ಲೆಕ್ಕವಿಲ್ಲ.

“ಭಾಳ ಛಂದ ಬಂದಾವ್ರಿ,” ಎಂದಳು ಭಾಮಾ ಮೆಲ್ಲಗೆ.

ಒಂಬತ್ತು ವರ್ಷದಲ್ಲಿ ಮೊದಲ ಹೊಗಳಿಕೆ! ಬಾಳಣ್ಣ ಮನಸ್ಸಿನಲ್ಲೇ ಬಾಲ್ಕನಿಯಲ್ಲಿ ಮಶೀನು ಇಟ್ಟು, ಮಳೆ ಬಡಿಯದ ಹಾಗೆ ಪರದೆ ಕಟ್ಟಿ, ಕುರ್ಚಿಯನ್ನೂ ಹಾಕಿ ಕೂತುಬಿಟ್ಟ. ಆಗ ಭಾಮಾ ಆನೆಯ ದಾರ ಬಿಚ್ಚಿದಳು.

ಆನೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

“ರೀ, ಇದರ ಬಾಲ ಎಲ್ಲದ?”

“ಹಿಂದ ಇರ್ತದ.”

“ಹಿಂದನೂ ಸೊಂಡಿ ಅದ.”

“ಹಂಗ ಹ್ಯಾಂಗ ಆಗ್ತದ? ಆ ಕಡಿಂದ ನೋಡ.”

“ಆ ಕಡಿಂದನೂ ಸೊಂಡಿ ಅದ! ಯಾವ ಕಡಿಂದ ನೋಡಿದ್ರೂ ಇದು ಬಲಕ್ಕ ಹೊಂಟೇದ!”

ನಿಜವೇ. ಎತ್ತು ಏರಿಗೆಳೆಯಿತು ಕೋಣ ನೀರಿಗೆಳೆಯಿತು ಎಂಬ ಹಾಗೆ, ಒಂದೇ ಮೈಯಿಂದ ಎರಡು ತಲೆ ಎರಡು ದಿಕ್ಕಿಗೆ ಹೊರಟಿದ್ದವು. ಒಂದೊಂದು ಸೊಂಡಿಲಿನ ಹಿಂದೆ ಇನ್ನೊಂದು ಆನೆಯ ಬಾಲ ಅಪರಾಧಿಯಂತೆ ಅಂಟಿಕೊಂಡಿತ್ತು.

“ಗಣಪತಿ ಮಾಡ್ರಿ ಅಂದ್ರ ಅವರಪ್ಪನ್ನ ಮಾಡೀರಲ್ರೀ!” ಎಂದು ಭಾಮಾ ಹಣೆ ಬಡಿದುಕೊಂಡಳು.

ಪ್ರಣವ ಓಡಿ ಬಂದ. ಅಚ್ಚಿನ ಎರಡೂ ಹೋಳು ನೋಡಿದ, ಅಪ್ಪನ ಮುಖ ನೋಡಿದ. “ಅಪ್ಪಾ, ನೀವು ಚಿತ್ರಾ ತಿರುವಿ ಹಾಕಿದ್ರೇನು? ಯಾಕ? ಆ ಮೋಟರ್ ಉಲ್ಟಾ ಇತ್ತು, ನಾ ಅವತ್ತೇ ಸರಿ ಮಾಡಿದ್ದೆ!”

“ಯಾಂವ ಹೇಳಿದ್ದ ನಿನಗ ಸರಿ ಮಾಡ್ಲಿಕ್ಕೆ?”

“ತಪ್ಪಿತ್ತು, ಅದಕ್ಕ ಮಾಡಿದೆ!”

“ಒಂಬತ್ತು ವರ್ಷ ಚಾಲೂ ಇತ್ತಲ್ಲೋ!”

ಗುಟ್ಟು ಹೊರಬಿದ್ದದ್ದು ಹೀಗೆ. ಆದರೆ ಅದರಿಂದೇನು ಬಂತು? ಹೊಸ ಹೋಳು ಕೆತ್ತಲು ಆರು ತಾಸು ಬೇಕು, ನಾಲ್ಕಕ್ಕೆ ಹೊರಡಬೇಕು. ಒಂದೇ ಹೋಳಿನಲ್ಲಿ ಪಾಕ ಹೊಯ್ದು ಅರ್ಧ ಆನೆ ಮಾಡೋಣವೇ ಎಂದು ಬಾಳಣ್ಣ ಮೆತ್ತಗೆ ಕೇಳಿದ. “ಹೌದು, ಅರ್ಧ ಆನಿ ಕೊಟ್ಟು ಅರ್ಧ ಸಂಸಾರ ಮಾಡು ಅಂತ ಹೇಳಿ ಬರೋಣ,” ಎಂದಳು ಭಾಮಾ. ಆನೆ ಬಿಟ್ಟು ಹೋಗುವ ಹಾಗೂ ಇಲ್ಲ, ಮಾತು ಕೊಟ್ಟಾಗಿದೆ. ಕೊನೆಗೆ ಶಾಸ್ತ್ರದ ಲೆಕ್ಕಕ್ಕೆಂದು ಅದೇ ಅಚ್ಚಿನಲ್ಲಿ ಹೊಯ್ದ ಎರಡು ಸೊಂಡಿಲಿನ ಐದು ಆನೆ ಹರಿವಾಣದ ತಳಕ್ಕೆ ಹೋದವು, ಅವುಗಳ ಸುತ್ತ ಗೋಪುರ ಕಳಸಗಳು ನಿಂತವು, ಮೇಲೆ ಖಣ ಬಿತ್ತು.

ಭಾಮಾ ಬಯ್ಯಲಿಲ್ಲ. ಕೈ ತೊಳೆದುಕೊಂಡು ಫೋನು ತೆಗೆದಳು. “ಉದ್ಯಾ ದಹಾ ವಾಜತಾ ಯಾ,” ಎಂದು ಮರಾಠಿಯಲ್ಲಿ ಭಂಗಾರದವನಿಗೆ ಹೇಳಿ ಇಟ್ಟಳು. ನಾಳೆ ಹತ್ತಕ್ಕೆ ಬಾ. ಕರಾರಿನಂತೆ ಬಾಳಣ್ಣ ಸೋತಿದ್ದ. ಒಳಗೆ ಹೋಗಿ ಮಶೀನಿನ ಮೇಲಿನ ಪುಡಿಯನ್ನು ಬ್ರಶ್ಶಿನಿಂದ ತೆಗೆದು ಸ್ವಚ್ಛ ಮಾಡಿದ, ಮಾರುವ ಎಮ್ಮೆಗೆ ಮೈ ತೊಳೆಯುವ ಹಾಗೆ.

ವಿಮಾನ ನಗರದ ಮನೆಯಲ್ಲಿ ಬೀಗರು ಬಾಗಿಲಲ್ಲೇ ಕಾದಿದ್ದರು. ಹುಡುಗಿಯ ತಂದೆ ಅನಂತರಾಮು ಮಿತಭಾಷಿ, ಕೈಮುಗಿದು ನಕ್ಕರೆ ಅವರ ಅರ್ಧ ದಿನದ ಮಾತು ಮುಗಿದ ಹಾಗೆ. ಉಳಿದರ್ಧವನ್ನು ಪಂಕಜಾಕ್ಷಿ ಆಡುತ್ತಿದ್ದರು. “ಬನ್ನಿ ಬನ್ನಿ, ನಮ್ ಕಡೆ ಈ ಹಬ್ಬಾನೇ ಇಲ್ಲ ನೋಡಿ, ನಂಗಂತೂ ತುಂಬಾ ಕುತೂಹಲ!” ಇಂಪನಾಳಿಗೆ ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿ, ಭಾಮಾ ಉಡಿ ತುಂಬಿದಳು, ಆರತಿ ಮಾಡಿದಳು. ಖಣವನ್ನು ಅರ್ಧ ಸರಿಸಿದಾಗ ಕಂಡ ಗೋಪುರ ನೋಡಿ ಎಲ್ಲರೂ ಹೋ ಎಂದರು, ವೃಂದಾವನ ನೋಡಿ ಪಂಕಜಾಕ್ಷಿ ಫೋಟೋ ತೆಗೆದರು. ಇನ್ನೇನು ಹರಿವಾಣ ಎತ್ತಿ ದೇವರ ಮುಂದಿಡಬೇಕು, ಅಷ್ಟರಲ್ಲಿ ಅವರಿಗೆ ನೆನಪಾಯಿತು.

“ಆನೆ ಇರತ್ತೆ ಅಂದಿದ್ರಲ್ಲ ಭಾಮಾ ಅವ್ರೇ?”

ಅನ್ನುತ್ತಲೇ ಖಣದ ಕೆಳಗೆ ಕೈ ಹಾಕಿ ಒಂದು ಆನೆ ಎತ್ತಿಯೇ ಬಿಟ್ಟರು. ಮೇಲೆ ಒಂದು ವಿಮಾನ ಗುಡುಗುತ್ತ ಹೋಯಿತು. ಅನಂತರಾಮು ಕನ್ನಡಕ ಹಾಕಿಕೊಂಡರು.

“ಎರಡು ಕಡೆ ಮುಖ ಇದೆ,” ಎಂದರು.

ಬಾಳಣ್ಣ ಎದ್ದು ನಿಂತ. ಹೇಳಿಬಿಡುತ್ತೇನೆ, ವೈರಿನಿಂದ ಹಿಡಿದು ಎಲ್ಲ ಹೇಳಿ ಕೈಮುಗಿಯುತ್ತೇನೆ ಎಂದು ಬಾಯಿ ತೆರೆದ. ಅವನ ಬಾಯಿಗಿಂತ ಮೊದಲು ಭಾಮಾಳ ಬಾಯಿ ತೆರೆಯಿತು.

“ಹೌದ್ರಿ ಬೀಗರ. ಅದು ನಮ್ಮ ಮನಿತನದ ಪದ್ಧತಿ. ಸೊಸಿಗೆ ಕೊಡೂ ಆರತಿ ಆನಿಗೆ ಎರಡು ಮುಖ ಇರಬೇಕು. ಒಂದು ಮುಖ ಅತ್ತಿ ಮನಿ ಕಡೆ, ಒಂದು ಮುಖ ತವರಮನಿ ಕಡೆ. ಹೆಣ್ಣಮಗಳು ಈ ಕಡೆ ಬಂದಳು ಅಂದ್ರ ಆ ಕಡೆ ನೋಡೂದು ಬಿಡಬೇಕು ಅಂತೇನಿಲ್ಲ. ಮನಸ್ಸಾದಾಗ ನೋಡ್ಲಿ, ಮನಸ್ಸಾದಾಗ ಹೋಗಲಿ. ಯಾರನ್ನೂ ಕೇಳೂದು ಬ್ಯಾಡ. ಅದಕ್ಕ ಕೊಡ್ತೇವಿ ಇದನ್ನ.”

ಬಾಳಣ್ಣ ಮೆಲ್ಲಗೆ ಕೂತ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಈ ಪದ್ಧತಿಯನ್ನು ಅವನು ಇದೇ ಮೊದಲು ಕೇಳುತ್ತಿದ್ದ. ಪಂಕಜಾಕ್ಷಿಯ ಕಣ್ಣು ತುಂಬಿದ್ದವು. ಒಬ್ಬಳೇ ಮಗಳು. ಆನೆಯನ್ನು ಎದೆಗವಚಿಕೊಂಡು, “ಎಂಥಾ ಒಳ್ಳೆ ಪದ್ಧತಿ ರೀ,” ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಭಾಮಾ ಖಣದ ಅಂಚನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಇಂಪನಾ ಮಾತ್ರ ಹರಿವಾಣದಿಂದ ಇನ್ನೊಂದು ಆನೆ ತೆಗೆದು ಈ ಮಗ್ಗುಲು ಆ ಮಗ್ಗುಲು ತಿರುಗಿಸಿ, ನಡುವಿನ ಕೂಡುಗೆರೆಯ ಮೇಲೆ ಉಗುರು ಆಡಿಸಿದಳು. ಟೆಸ್ಟರಿನ ಕಣ್ಣು! “ಅಂಕಲ್, ಎರಡೂ ಹಾಫು ಒಂದೇ ಥರ...” ಎಂದು ಶುರು ಮಾಡಿದಳು. ಪ್ರಣವ ಕೆಮ್ಮಿದ. ಅವಳು ಅಮ್ಮನ ಮುಖ ನೋಡಿದಳು, ಭಾಮಾಳ ಮುಖ ನೋಡಿದಳು. “ಒಂದೇ ಥರ ಎಷ್ಟು ಚೆನ್ನಾಗಿ ಬಂದಿದೆ ಅಂಕಲ್,” ಎಂದು ಮುಗಿಸಿದಳು. ಸೊಸೆ ಒಳ್ಳೆಯವಳು ಸಿಕ್ಕಳು ಎಂದುಕೊಂಡ ಬಾಳಣ್ಣ.

“ಇದು ವರ್ಷಾ ವರ್ಷಾ ಕೊಡ್ತೀರಾ?” ಕೇಳಿದರು ಪಂಕಜಾಕ್ಷಿ.

“ಹೌದ್ರಿ, ವರ್ಷಾ ವರ್ಷಾ,” ಎಂದಳು ಭಾಮಾ.

ಪ್ರಣವ ಊಟಕ್ಕೆ ಅಲ್ಲೇ ಉಳಿದ. ಗಂಡಹೆಂಡತಿ ಇಬ್ಬರೇ ಕಾರಿನಲ್ಲಿ ಹೊರಟರು. ಸಂಜೆಯ ಟ್ರಾಫಿಕ್ಕಿನಲ್ಲಿ ಸಾಲುಸಾಲು ಗಾಡಿ, ಕಟ್ಟಡಗಳ ನಡುವೆ ಹುಣ್ಣಿಮೆಯ ಚಂದ್ರ ಆಗಷ್ಟೇ ಏಳುತ್ತಿದ್ದ. ಎರಡು ಸಿಗ್ನಲ್ ದಾಟಿದ ಮೇಲೆ ಬಾಳಣ್ಣ ಮಾತು ತೆಗೆದ.

“ಭಾಮಾ, ಮಾತಂದ್ರ ಮಾತು. ನಾಳೆ ಹತ್ತಕ್ಕ ಮಶೀನು ನಾನ ಕೆಳಗ ಇಳಿಸಿ ಕೊಡ್ತೇನಿ.”

“ವರ್ಷಾ ವರ್ಷಾ ಅಂದೀನಲ್ಲ, ಕಿವಿ ಎಲ್ಲಿದ್ವು ನಿಮ್ಮವು? ಅವಗ ಬ್ಯಾಡ ಅಂತ ಫೋನ್ ಮಾಡ್ರಿ. ಬಾಲ್ಕನಿಯೊಳಗ ಇರ್ಲಿ ಅದು.”

ಬಾಳಣ್ಣನಿಗೆ ಸ್ಟೇರಿಂಗ್ ಬಿಟ್ಟು ಕೈಮುಗಿಯಬೇಕೆನಿಸಿತು. “ನನ್ನ ತಪ್ಪು ಮುಚ್ಚಲಿಕ್ಕೆ ಎಷ್ಟು ಛಂದ ಸುಳ್ಳು ಹೇಳಿದಿ ಮಾರಾಯ್ತಿ!” ಎಂದು ನಕ್ಕ.

ಭಾಮಾ ನಗಲಿಲ್ಲ.

“ನಿಮ್ಮ ತಪ್ಪು ಮುಚ್ಚಲಿಕ್ಕೆ ನನಗೇನು ಹುಚ್ಚು ಹಿಡದದ? ಬಾಯಿ ತಗದಾಗ ಏನ ಹೇಳಬೇಕಂತ ನನಗೂ ಗೊತ್ತಿರಲಿಲ್ಲ. ಮಾತಾಡತಾ ಮಾತಾಡತಾ ಬಂತು.” ಅವಳು ಕಿಟಕಿಯ ಕಡೆ ತಿರುಗಿದಳು. “ನಿಮ್ಮ ಅವ್ವ ನನಗ ಕೊಟ್ಟ ಆನಿಗೆ ಒಂದ ಮುಖ ಇತ್ರೀ. ನಮ್ಮ ಅವ್ವ ಬೈಲಹೊಂಗಲದಾಗ ಹಾಸಿಗಿ ಹಿಡದಾಗ ನಿಮ್ಮ ಕಾರ್ಖಾನಿ ಬಂದ್ ಮಾಡಿ ಹಗಲೂ ರಾತ್ರಿ ರಿಪೇರಿ ಮಾಡೂ ಶಟ್‌ಡೌನ್ ಇತ್ತು. ಊಟದ ಡಬ್ಬಿ ಯಾರು ಕಟ್ಟಬೇಕು, ಮುಗೀಲಿ, ಆಮ್ಯಾಲೆ ಹೋಗು ಅಂದ್ರಿ. ಮುಗಿಯೂದರಾಗ ಅವ್ವ ಮುಗದಿದ್ಲು.”

ಬಾಳಣ್ಣನಿಗೆ ಹನ್ನೆರಡು ದಿನದ ಆ ಶಟ್‌ಡೌನ್ ನೆನಪಿತ್ತು. ಯಾವ ಪಂಪಿನ ಯಾವ ಸೀಲು ಬದಲಿಸಿದ್ದೆವು ಎಂಬುದೂ ನೆನಪಿತ್ತು. ಹೆಂಡತಿ ಆ ಹನ್ನೆರಡು ದಿನ ಹೇಗಿದ್ದಳು ಎಂಬುದು ನೆನಪಾಗಲಿಲ್ಲ. ಮುಂದಿನ ಸಿಗ್ನಲ್ಲು ಹಸಿರಾಗಿ, ಹಿಂದಿನವರೆಲ್ಲ ಹಾರ್ನ್ ಹೊಡೆದ ಮೇಲೆ ಗಾಡಿ ಎತ್ತಿದ.

ಕೊಂಢವಾ ತಿರುವಿನಲ್ಲಿ ಗಾಡಿ ಹೊರಳಿಸುತ್ತ ಕೇಳಿದ.

“ಭಾಮಾ, ಆನಿ ಅಚ್ಚು ಇನ್ನೂ ನೀರಾಗ ಅದಾವ. ನಿನಗೊಂದು ಹೊಯ್ಯಲಿಕ್ಕೆ ಸಕ್ರಿ ಅದೇನು ಮನ್ಯಾಗ?”

ಅವಳು ಕಿಟಕಿಯಿಂದ ಅವನ ಕಡೆ ತಿರುಗಿದಳು.

“ಅರ್ಧ ಕಿಲೋ ಇರಬೇಕು,” ಎಂದಳು.